ದಾರ ಕಟ್ಟಿದ ಗೆಣ್ಣು

ಬಾಟನಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಬ್ಯಾಚಿನವರು ಫೋನಿನಲ್ಲಿ ಮಾತಾಡಿದ್ದೆಲ್ಲ ಹುಲ್ಲಿನ ವಿಷಯವೇ. ಮೂರು ವರ್ಷದ ಸಿಲಬಸ್ ಯಾರಿಗೂ ನೆನಪಿಲ್ಲ.

ದಾವಣಗೆರೆಯ ಎರೆಹೊಲದವರಿಗೆ ಕರಿಕೆ ಹುಲ್ಲು ಹೊಸದಲ್ಲ. ಕುಂಟೆ ಹೊಡೆದಷ್ಟೂ ಹಬ್ಬುತ್ತದೆಂದು ಎಲ್ಲರೂ ಬೈಯುತ್ತಾರೆ. ಕಾರಣ ತೋರಿಸಿದವರು ಸರ್. ತುಂಡಾದ ಬಳ್ಳಿಯಲ್ಲಿ ಒಂದು ಗೆಣ್ಣು ಉಳಿದರೂ ಅಲ್ಲೇ ಬೇರು, ಅಲ್ಲೇ ಚಿಗುರು. "ಎಳೀಬೇಡ್ರಪ್ಪಾ, ಪಕ್ಕದಿಂದ ಮಣ್ಣು ಬಿಡಿಸ್ರಿ. ಎಳೆದ್ರೆ ಹರಿತೈತಿ, ಒಂದು ಗಿಡಾನ ಹತ್ತು ಅಂತ ಬರೀತೀರಿ" ಅನ್ನುತ್ತಿದ್ದರು.

ಅದೇ ಪಾಠದ ಮುಂದಿನ ಭಾಗಕ್ಕೆ ಹೊನ್ನಾವರದ ಕಡೆಯ ಮರಳು ದಿಬ್ಬಕ್ಕೆ ಕರೆದೊಯ್ದರು, ದಸರೆಗೊಮ್ಮೆ, ಸಂಕ್ರಾಂತಿಗೊಮ್ಮೆ. ಅಲ್ಲಿಯ ಹುಲ್ಲು ರಾವಣನ ಮೀಸೆ. ಎಲೆಯ ತುದಿ ಸೂಜಿಯಂತೆ ಚುಚ್ಚುತ್ತದೆ. ಒಂದು ಮೀಟರ್ ಚೌಕದ ಕಬ್ಬಿಣದ ಚೌಕಟ್ಟಿಗೆ 10 ಸೆಂ.ಮೀ.ಗೊಂದು ಹುರಿ ಬಿಗಿದು 100 ಮನೆ ಮಾಡಿ, ಒಂದೊಂದೇ ಮನೆಯ ಚಿಗುರು ಎಣಿಸಬೇಕು. ಗುರುತಿನ ಬಣ್ಣದ ದಾರವನ್ನು ತುದಿಯ ಗೆಣ್ಣಿಗೆ ಕಟ್ಟಬಾರದು, ಅಲ್ಲಿನ್ನೂ ಬಳ್ಳಿ ಉದ್ದವಾಗುತ್ತಿರುತ್ತದೆ. ಹಿಂದಿನ ಮೂರನೆಯದಕ್ಕೆ, ಸಡಿಲವಾಗಿ. ಅಳತೆಯೆಲ್ಲ ಆಳಕ್ಕೆ ಹೊಡೆದ ಸರಳಿನಿಂದ. ಮರಳಿನ ಮಟ್ಟ ಗಾಳಿಗೆ ಬದಲಾಗುವುದರಿಂದ ನೆಲವನ್ನು ನಂಬುವಂತಿಲ್ಲ. ಸರಳು ಎಷ್ಟು ಹೂತಿದೆ ಎಂಬುದೇ ದಿಬ್ಬ ಎಷ್ಟು ಏರಿತೆಂಬ ಲೆಕ್ಕ. ಹೂತ ಗೆಣ್ಣು ಬೇರು ಬಿಟ್ಟು ಚಿಗುರನ್ನು ಮೇಲಕ್ಕೆ ಕಳಿಸುತ್ತದೆ, ಆ ಚಿಗುರು ಮತ್ತಷ್ಟು ಮರಳು ಹಿಡಿಯುತ್ತದೆ. ಕೆಲವು ಬಳ್ಳಿಗಳನ್ನು ನಡುವೆ ಕತ್ತರಿಸಿದೆವು, ಕೆಲವನ್ನು ಹೋಲಿಕೆಗೆ ಹಾಗೇ ಬಿಟ್ಟೆವು. ಬೇರು ಬಿಡದ ಎಳೆ ತುದಿಗೆ ನೀರು ಬರುವುದು ಹಿಂದಿನ ಗಿಡದಿಂದ, ಕತ್ತರಿಸಿದರೆ ಒಣಗುತ್ತದೆ.

ನಮ್ಮ ಹುಡುಗರು ಹೆಣ್ಣು ಗಿಡದ ದುಂಡನೆಯ ಮುಳ್ಳುಚೆಂಡುಗಳನ್ನು ಕಿತ್ತು ಗಾಳಿಗೆ ಓಡಿಸಿ ಪಂದ್ಯ ಕಟ್ಟಿದ್ದರು. ಸರ್ ಗದರಲಿಲ್ಲ. ಹೆಜ್ಜೆ ಹಾಕಿ ದೂರ ಅಳೆಸಿದರು. "ಬೀಜ ದೂರದ ಜಾಗ ಹುಡುಕ್ತೈತಿ, ಬಳ್ಳಿ ಸಿಕ್ಕ ಜಾಗ ಹಿಡೀತೈತಿ. ಎರಡನ್ನೂ ಬರ್ಕೊಳ್ರಿ."

ಈಗಿನ ಮಕ್ಕಳ ರೆಕಾರ್ಡಿನಲ್ಲಿ ಚಿತ್ರ ನಮ್ಮದಕ್ಕಿಂತ ಅಂದ. ಆದರೆ ಅದು ಗೈಡಿನಿಂದ ಇಳಿಸಿದ್ದು, ಉಗುರಲ್ಲಿ ಮಣ್ಣಿಲ್ಲ. ನಮ್ಮ ಬ್ಯಾಚಿನಷ್ಟು ಬೇರು ಬಿಡಿಸಿದವರು ಕಾಲೇಜಿನಲ್ಲಿ ಇನ್ನೊಬ್ಬರಿಲ್ಲವೆಂದು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ಆ ಚೌಕಟ್ಟು ಲ್ಯಾಬಿನ ಗೋಡೆಯ ಮೊಳೆಗೆ ತೂಗಿಕೊಂಡೇ ಇದೆ. ಹುರಿ ಮಾತ್ರ ಹೊಸದಾಗಿ ಬಿಗಿಯಬೇಕು.