ಹೆಚ್ಚಿಗೆ ಬಂದ ಎರಡು ಮೊಟ್ಟೆ

ಹೊರದೇಶದಿಂದ ಹೊಸ ಕೋಳಿ ತಳಿ ತರಿಸಬೇಕೆಂದು ಹೊರಟಾಗ ಮೊದಲು ಯೋಚಿಸಿದ್ದು ಮರಿಗಳನ್ನೇ. ಒಂದು ದಿನದ ಮರಿಗೆ ಪ್ರಯಾಣ ಅಸಾಧ್ಯವೇನಲ್ಲ. ಮೊಟ್ಟೆಯೊಡೆದು ಬರುವ ಮುಂಚೆ ಹೊಟ್ಟೆಯೊಳಕ್ಕೆ ಎಳೆದುಕೊಂಡ ಹಳದಿಯೇ ಅದರ ಬುತ್ತಿ. ಹೆಚ್ಚುಕಡಿಮೆ 72 ಗಂಟೆ ಮೇವು ನೀರಿಲ್ಲದೆ ತಡೆಯುತ್ತದೆ. ಆದರೆ ವಿಮಾನ ತಡವಾದರೆ, ಗಡಿಯಲ್ಲಿ ಒಂದು ಸಹಿ ಬಾಕಿ ಉಳಿದರೆ ಬುತ್ತಿ ಹಿಗ್ಗುವುದಿಲ್ಲವಲ್ಲ. ಜೀವದ ಜತೆ ಜೂಜು ಬೇಡವೆಂದು ಮೊಟ್ಟೆಗೇ ಮನಸ್ಸು ಮಾಡಿದೆ.

ಮೊಟ್ಟೆ ಕಾಯುತ್ತದೆ ಅಂದುಕೊಂಡಿದ್ದೆ. ಕಾಯುತ್ತದೆ, ಆದರೆ ನಾನು ತಿಳಿದಷ್ಟು ದಿನವಲ್ಲ. ಇಟ್ಟ ಒಂದು ವಾರದೊಳಗೆ ಕಾವಿಗೆ ಕೂರಿಸಿದರೆ ಚೆನ್ನ. ಆಮೇಲೆ ದಿನ ಕಳೆದಂತೆಲ್ಲ ಮರಿಯಾಗುವ ಆಸೆ ಕರಗುತ್ತದೆ. ಕಾಗದಪತ್ರಕ್ಕೆ ಈ ಲೆಕ್ಕ ಎಲ್ಲಿ ಗೊತ್ತು? ಆಮದು ಪರವಾನಗಿ ಮೊದಲೇ ಕೈಯಲ್ಲಿರಬೇಕು. ಕಳಿಸುವ ದೇಶದ ಸರಕಾರಿ ಪಶುವೈದ್ಯರು ಆರೋಗ್ಯ ಪ್ರಮಾಣಪತ್ರ ಬರೆಯಬೇಕು. ಹಿಂಡಿಗೆ ಹಕ್ಕಿಜ್ವರ, ಕೊಕ್ಕರೆ ರೋಗ (ರಾಣಿಖೇತ್) ಇಲ್ಲವೆಂದು ಅದರಲ್ಲಿರಬೇಕು. ಪುಲ್ಲೋರಮ್ ಪರೀಕ್ಷೆಯನ್ನೂ ಕೇಳಿದಾಗ ನಾನು ಗೊಣಗಿದ್ದೆ. ಗೊಣಗಬಾರದಿತ್ತು. ಪುಲ್ಲೋರಮ್ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೇಂಟೆಯಿಂದ ಮೊಟ್ಟೆಯ ಒಳಗೇ ಬರುವಂಥದ್ದು, ತೊಳೆದರೆ ಹೋಗುವುದಿಲ್ಲ. ಇಷ್ಟರ ನಡುವೆ ಅಲ್ಲಿ ಹಕ್ಕಿಜ್ವರ ಕಾಣಿಸಿಕೊಂಡರೆ ಅಷ್ಟೂ ಕಾಗದ ರದ್ದಿಗೆ.

ನನ್ನ ಪೆಟ್ಟಿಗೆ ಗಡಿಯಲ್ಲಿ ನಿಂತದ್ದು ಅಂಥ ದೊಡ್ಡ ಕಾರಣಕ್ಕಲ್ಲ. ಪ್ರಮಾಣಪತ್ರದಲ್ಲಿ 48 ಎಂದಿತ್ತು, ಒಳಗೆ ಎಣಿಸಿದರೆ 50. ದಾರಿಯಲ್ಲಿ ಒಡೆದರೆ ಇರಲಿ ಅಂತ ಸಾಕಿದವರು ಪ್ರೀತಿಯಿಂದ ಎರಡು ಹೆಚ್ಚಿಗೆ ಹಾಕಿದ್ದರು! ಆ ಎರಡಕ್ಕೆ ಮೂರು ದಿನ ಹೋಯಿತು. ಕೊನೆಗೆ ಅವೆರಡನ್ನು ಅಲ್ಲೇ ನಾಶ ಮಾಡಿ ಉಳಿದವನ್ನು ಬಿಟ್ಟರು.

ಕೈಗೆ ಬರುವಷ್ಟರಲ್ಲಿ ಮೊಟ್ಟೆಗಳಿಗೆ 9 ದಿನ. ತಕ್ಷಣ ಇನ್‌ಕ್ಯುಬೇಟರಿಗೆ ಇಡುವ ಆತುರ ತಡೆದುಕೊಂಡು, ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಬಿಟ್ಟೆ. ರಾತ್ರಿ ದೀಪ ಆರಿಸಿ ಒಂದೊಂದಕ್ಕೂ ಟಾರ್ಚ್ ಹಿಡಿದೆ. ಮೊಟ್ಟೆಯೊಳಗೆ ಗಾಳಿ ತುಂಬಿದ ಜಾಗ, ಅಂದರೆ ಗಾಳಿಗೂಡು, ದಪ್ಪ ತುದಿಯಲ್ಲಿ ಟೋಪಿಯಂತೆ ಅಲುಗದೆ ಕೂತಿರಬೇಕು. 11 ಮೊಟ್ಟೆಗಳಲ್ಲಿ ಅದು ಗಾರೆಯವರ ರಸಮಟ್ಟದ ಗುಳ್ಳೆಯ ಹಾಗೆ, ವಾಲಿಸಿದ ಕಡೆಗೆಲ್ಲ ಜಾರುತ್ತಿತ್ತು. ಎಲ್ಲೋ ಯಾರೋ ಪೆಟ್ಟಿಗೆ ಎತ್ತಿಹಾಕಿದ್ದಾರೆ. ಆ 11ನ್ನು ಮೊದಲ ಕೆಲವು ದಿನ ಹೊರಳಿಸದೆ ನೆಟ್ಟಗೆ ನಿಲ್ಲಿಸಿಯೇ ಕಾವು ಕೊಟ್ಟೆ.

37.5 ಡಿಗ್ರಿ. 18ನೇ ದಿನ ಎಲ್ಲವನ್ನೂ ಹೊರಳಿಸುವುದು ನಿಲ್ಲಿಸಿ ತೇವ ಏರಿಸಿದೆ. 21ನೇ ದಿನ ಸದ್ದೇ ಇಲ್ಲ. ಹಳೆಯ ಮೊಟ್ಟೆ ಕೊಂಚ ತಡ ಮಾಡುತ್ತದೆಂದು ಗೊತ್ತಿದ್ದರೂ ನಿದ್ದೆ ಬರಲಿಲ್ಲ. 22ರ ಬೆಳಗ್ಗೆ ಒಂದರ ಮೇಲೆ ಗುಂಡುಸೂಜಿ ತಲೆಯಷ್ಟು ಬಿರುಕು, ಒಳಗಿಂದ ಚಿಂವ್ ಅನ್ನುವ ದನಿ. ಒಟ್ಟು 19 ಮರಿ ಬಂದವು. ರಸಮಟ್ಟದವುಗಳಲ್ಲಿ ಎರಡೇ.

ಮುಂದಿನ ಸಲಕ್ಕೆ ಮೊಟ್ಟೆ ಕಳಿಸಿದವರಿಗೆ ಈಗಲೇ ಬರೆದಿದ್ದೇನೆ: ಮುಚ್ಚುವ ಮುಂಚೆ ಇನ್ನೊಬ್ಬರ ಕೈಲೂ ಎಣಿಸಿ. ದಯವಿಟ್ಟು ಪ್ರೀತಿಗೆ ಅಂತ ಒಂದೂ ಹೆಚ್ಚಿಗೆ ಹಾಕಬೇಡಿ.