ಪರ್ಣಶಾಲೆಗೆ ತಾರ್ಪಾಲು ಹೊದಿಸಬೇಡಿ

ಬೈಬಲಿನ ಯಾಜಕಕಾಂಡ 23ರಲ್ಲಿ ಬರುವ ಹಬ್ಬಗಳಲ್ಲಿ ಪಸ್ಕ, ಪಂಚಾಶತ್ತಮ ನಮ್ಮ ಸಭೆಗಳಿಗೆ ಚೆನ್ನಾಗಿ ಗೊತ್ತು. ಕೊನೆಯದಾದ, ಎಲೆಗರಿ ಹೊದಿಸಿದ ಗುಡಿಸಲಲ್ಲಿ ಇದ್ದು ಆಚರಿಸುವ ಪರ್ಣಶಾಲೆಗಳ ಹಬ್ಬವನ್ನು ಮಾತ್ರ ಓದಿ ದಾಟಿಬಿಡುತ್ತೇವೆ. ಸಂಡೇ ಸ್ಕೂಲ್ ಮಕ್ಕಳಿಗೆ ಅದನ್ನು ಕಲಿಸಲು ಚರ್ಚ್ ಅಂಗಳದಲ್ಲಿ ಒಂದು ಪರ್ಣಶಾಲೆ ಕಟ್ಟಿಬಿಡಿ. ಕಾಸರಗೋಡಿನಲ್ಲಿ ಸಾಮಾನಿಗೆ ಬರವಿಲ್ಲ. ಅಡಿಕೆ ಕಂಬ, ತೆಂಗಿನ ಮಡಲು ಎಲ್ಲ ಹಿತ್ತಿಲಲ್ಲೇ ಸಿಗುತ್ತವೆ. ಆದರೆ ನಮ್ಮ ಕೈ ಪಳಗಿದ್ದು ನೀರು ಸೋರದ ಮಾಡು ಕಟ್ಟಿ. ತಪ್ಪಾಗುವುದು ಅಲ್ಲೇ.

ಯೆಹೂದ್ಯರ ನಿಯಮದಲ್ಲಿ ಗೋಡೆಗೆ ರಿಯಾಯಿತಿ ಇದೆ: ಎರಡು ಪೂರ್ತಿ ಇದ್ದು ಮೂರನೆಯದು ತುಸುವೇ ಇದ್ದರೂ ನಡೆಯುತ್ತದೆ, ಬಟ್ಟೆ, ಹಲಗೆ ಯಾವುದೂ ಆದೀತು. ಚಾವಣಿಗೆ ಮಾತ್ರ ನೆಲದಲ್ಲಿ ಬೆಳೆದು ಕಡಿದು ತಂದದ್ದೇ ಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ರಾತ್ರಿ ಎಡೆಯಲ್ಲಿ ನಕ್ಷತ್ರ ಕಾಣಬೇಕು. ಹತ್ತು ಹನ್ನೆರಡು ಮಕ್ಕಳಿಗೆ ಎಂಟಡಿ ಅಗಲ, ಹತ್ತಡಿ ಉದ್ದ, ಏಳಡಿ ಎತ್ತರ ಸಾಕು. ತೆಂಗಿನ ಮರದಡಿ ಕಟ್ಟಬಾರದು, ಮೇಲೆ ಬಯಲು ಆಕಾಶವೇ ಇರಬೇಕು. ಮೊದಲು ಗೋಡೆ ನಿಲ್ಲಿಸಿ, ಆಮೇಲೆ ಅಡಿಕೆ ದಬ್ಬೆಗಳನ್ನು ಒಂದೂವರೆ ಅಡಿಗೊಂದರಂತೆ ಅಡ್ಡ ಇಟ್ಟು ಸೀಳಿದ ಮಡಲು ಹರಡಿ. ಹೆಣೆದ ಮಡಲು ಬೇಡ, ಎರಡು ಪದರ ಹಾಕಿದರೆ ಅದು ಮಾಡೇ ಆಗಿಬಿಡುತ್ತದೆ. ಹಸಿ ಗರಿ ಮೂರ್ನಾಲ್ಕು ದಿನದ ಬಿಸಿಲಿಗೆ ಮುದುಡಿ ನೆರಳು ಕಮ್ಮಿಯಾಗುವುದರಿಂದ ಮೊದಲೇ ತುಸು ದಟ್ಟವಾಗಿ ಹಾಕಿ.

ಮಳೆ ಬಂದರೆ? ಯೆಹೂದ್ಯರ ಹಳೆಯ ನಿಯಮಸಂಗ್ರಹವಾದ ಮಿಷ್ನಾದಲ್ಲಿ ಇದಕ್ಕೂ ಉತ್ತರವಿದೆ: ಗಂಜಿ ಕೆಡುವಷ್ಟು ಮಳೆ ಬಂದಾಗ ಎದ್ದು ಮನೆಗೆ ಹೋಗಬಹುದು. ಮೇಲೆ ತಾರ್ಪಾಲು ಹೊದಿಸಿ ಅಡಿಯಲ್ಲೇ ಕೂತರೆ ಅದು ಪರ್ಣಶಾಲೆಯಲ್ಲಿ ಕೂತಂತೆ ಅಲ್ಲ.

ಆ ಎಡೆಬಿಟ್ಟ ಚಾವಣಿಯಲ್ಲೇ ಹಬ್ಬದ ಜೀವ ಇರುವುದು. ಧರ್ಮೋಪದೇಶಕಾಂಡ 16:13ರ ಪ್ರಕಾರ ಇದು ಕಣದ ಕೆಲಸವೂ ದ್ರಾಕ್ಷಿಯ ಕೆಲಸವೂ ಮುಗಿದ ಕಾಲ. ಮನೆ ತುಂಬಿರುವ ಹೊತ್ತಿನಲ್ಲೇ ದೇವರು ಜನರನ್ನು ಗಟ್ಟಿ ಸೂರಿನಿಂದ ಹೊರಗೆ ಕರೆದು, ಅರಣ್ಯದಲ್ಲಿ ನಿಮ್ಮನ್ನು ಕಾದವನು ನಾನೇ ಎಂದು ನೆನಪಿಸುತ್ತಾನೆ. ನಮ್ಮ ದೇಹವೂ ಗುಡಾರವೇ ಎಂದು ಪೌಲ 2 ಕೊರಿಂಥ 5:1ರಲ್ಲಿ ಬರೆದದ್ದನ್ನು ಮಡಲಿನಡಿ ಕೂತು ಓದಿ ನೋಡಿ.

ಯೋಹಾನ 7ಕ್ಕೆ ಇನ್ನಷ್ಟು ಹೊತ್ತು ಕೊಡಿ. ಮಳೆಗಾಲ ಮುಗಿಯುತ್ತಿರುವಾಗ ಓದುವ ನಮಗೆ ಅದರ ದಾಹ ತಟ್ಟುವುದು ಕಷ್ಟ. ಯೆರೂಸಲೇಮಿಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಮಳೆ, ಹಬ್ಬದ ಹೊತ್ತಿಗೆ ಅಲ್ಲಿ ತಿಂಗಳುಗಟ್ಟಲೆ ಹನಿ ಬಿದ್ದಿರುವುದಿಲ್ಲ. ದೇವಾಲಯವಿದ್ದ ಕಾಲದಲ್ಲಿ ಯಾಜಕರು ದಿನಾ ಬೆಳಿಗ್ಗೆ ಸಿಲೋವ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ಮೂರು ಲೋಗ್, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ತಂದು ದ್ರಾಕ್ಷಾರಸದ ಜೊತೆ ಯಜ್ಞವೇದಿಗೆ ಹೊಯ್ಯುತ್ತಿದ್ದರು. ಮುಂದಿನ ಮಳೆಗಾಗಿ ಜನ ಕಾಯುತ್ತಿದ್ದ ಆ ಹಬ್ಬದ ಮಹಾದಿನದಲ್ಲಿ ಯೇಸು ಎದ್ದು ನಿಂತು, ನೀರಡಿಸಿದವರು ನನ್ನ ಬಳಿಗೆ ಬರಲಿ ಎಂದು ಕೂಗಿ ಹೇಳಿದ್ದು. ಆ ನೀರು ಪವಿತ್ರಾತ್ಮನೆಂದು 39ನೇ ವಚನವೇ ತಿಳಿಸುತ್ತದೆ.

ಕ್ರೈಸ್ತರಿಗೆ ಇದು ಕಟ್ಟಳೆಯಲ್ಲ, ಕೊಲೊಸ್ಸೆ 2:16-17 ಸ್ಪಷ್ಟವಾಗಿದೆ. ಹಾಗೆಯೇ ಯೆಹೂದ್ಯರು ಈ ಹಬ್ಬದಲ್ಲಿ ಮಾಡುವಂತೆ ಖರ್ಜೂರದ ಸುಳಿಗರಿ ಹಿಡಿದು ಹೀಬ್ರೂ ಪ್ರಾರ್ಥನೆ ಅನುಕರಿಸುವುದೂ ನನಗೆ ಸರಿ ಕಾಣುವುದಿಲ್ಲ. ಯೆಹೂದ್ಯರಿಗೆ ಅದು ಇವತ್ತಿಗೂ ನಡೆಯುತ್ತಿರುವ ಆರಾಧನೆ. 2026ರಲ್ಲಿ ಹಬ್ಬ ಶುರುವಾಗುವುದು ಸೆಪ್ಟೆಂಬರ್ 25ರ ಸೂರ್ಯಾಸ್ತಕ್ಕೆ. ಭಾನುವಾರ 27ರ ಸಂಜೆ ಮಕ್ಕಳನ್ನು ಕೂರಿಸಿ, ಒಂದು ಲೀಟರ್ ನೀರು ಎದುರಿಗಿಟ್ಟು ಯೋಹಾನ 7:37-39 ಓದಿಸಿ.