ನಕ್ಷೆಯಲ್ಲಿ ಮುಳುಗಿದ್ದ ಊರು

ಐವತ್ತೈದು ವರ್ಷಗಳ ಹಿಂದಿನ ಒಂದು ಯೋಜನೆಯಂತೆ ನಡೆದಿದ್ದರೆ ನೀರಿನಡಿಯಲ್ಲಿ ಇರಬೇಕಿದ್ದ ಅಡುಗೆಮನೆಯಲ್ಲಿ ಕುಳಿತು ನಾನು ಕಾಫಿ ಕುಡಿದೆ. ಊರಿನ ಹೆಸರು ಮಾಸಿ. ನಾರ್ವೆಯ ಉತ್ತರದ ತುದಿಯಲ್ಲಿರುವ ಫಿನ್ಮಾರ್ಕ್‌ನಲ್ಲಿ, ಆಲ್ಟಾ ನದಿಯ ದಂಡೆಯಲ್ಲಿರುವ ಹಳ್ಳಿ; ಹಿಮಸಾರಂಗ ಸಾಕುವ ಮೂಲನಿವಾಸಿಗಳಾದ ಸಾಮಿ ಜನರದು.

ಅಕ್ಕನ ಮಗಳು ಟ್ರೊಮ್ಸೊದಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ಅವಳಿಗೆ ರಜೆ ಸಿಕ್ಕಾಗ ಇಬ್ಬರೂ ಆಲ್ಟಾಕ್ಕೆ ಹೋಗಿ ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ಆಲ್ಟಾ ಪಟ್ಟಣ ನನಗೆ ಹಿಡಿಸಲಿಲ್ಲ. ಕಡಲ ದಂಡೆಯ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಕೊರೆದ ಹಿಮಸಾರಂಗ, ಕರಡಿ, ದೋಣಿಗಳ ಚಿತ್ರಗಳನ್ನು ಬಿಟ್ಟರೆ ಅಲ್ಲಿ ನಿಲ್ಲಬೇಕೆನಿಸುವುದು ಏನೂ ಇಲ್ಲ. ದಕ್ಷಿಣಕ್ಕೆ ತಿರುಗಿ ಕಣಿವೆ ಹತ್ತಿದ ಮೇಲೆ ಮಾತ್ರ ನೆಲ ಮಾತಾಡತೊಡಗಿತು: ಮೊಣಕಾಲೆತ್ತರದ ಬರ್ಚ್ ಗಿಡಗಳು, ಜೌಗು, ಬೂದುಬಣ್ಣದ ಕಲ್ಲುಹೂವು. ಹಿಮಸಾರಂಗ ಒಂದೂ ಇಲ್ಲ. ಬೇಸಿಗೆಯಲ್ಲಿ ಮಂದೆಗಳೆಲ್ಲ ಕಡಲ ಕಡೆಗೆ ವಲಸೆ ಹೋಗಿರುತ್ತವೆಯಂತೆ.

ನಾವು ತಂಗಿದ್ದ ಮನೆಯ ಒಡತಿಗೆ ಎಪ್ಪತ್ತು ದಾಟಿದೆ. ಒಳಗೆ ಹೋಗುವ ಮೊದಲೇ ಅಕ್ಕನ ಮಗಳು ಎಚ್ಚರಿಸಿದ್ದಳು. "ಚಿಕ್ಕಮ್ಮ, ಎಷ್ಟು ಹಿಮಸಾರಂಗ ಇವೆ ಎಂದು ಮಾತ್ರ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದ ಹಾಗೆ ಆಗುತ್ತದೆ." ಹೀಗಾಗಿ ನದಿಯ ಮಾತು ಎತ್ತಿದೆ. ರಾತ್ರಿ ಹನ್ನೊಂದಾದರೂ ಕಿಟಕಿಯಲ್ಲಿ ಬಿಸಿಲಿತ್ತು. ಆಕೆ ನಾರ್ವೇಜಿಯನ್‌ನಲ್ಲಿ ಹೇಳಿದ್ದನ್ನು ಇವಳು ಕನ್ನಡಕ್ಕೆ ತರುತ್ತಿದ್ದಳು.

ಜಲವಿದ್ಯುತ್ತಿನ ಮೊದಲ ಯೋಜನೆಯಲ್ಲಿ ಮಾಸಿ ಮುಳುಗಡೆಯಾಗಬೇಕಿತ್ತು. 1970ರಲ್ಲಿ ಓಸ್ಲೋದಿಂದ ರಾಜಕಾರಣಿಗಳು ಬಂದಾಗ ಊರಿನವರು ಫಲಕ ಹಿಡಿದು ರಸ್ತೆಯಲ್ಲಿ ನಿಂತರು. "ನಾವು ಮೊದಲು ಬಂದವರು" ಎಂದು ಒಂದರ ಮೇಲೆ ಬರೆದಿತ್ತು. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಆಕೆಯೂ ಅಲ್ಲಿದ್ದರು. 1973ರಲ್ಲಿ ಊರನ್ನು ಮುಳುಗಡೆಯ ಪಟ್ಟಿಯಿಂದ ಕೈಬಿಟ್ಟು ಯೋಜನೆಯನ್ನು ಕಿರಿದುಗೊಳಿಸಿದರು. ಊರು ಉಳಿಯಿತು, ನದಿಗೆ ಮಾತ್ರ ಅಣೆಕಟ್ಟು ತಪ್ಪಲಿಲ್ಲ. 1979ರಲ್ಲಿ ಸ್ಟಿಲ್ಲಾ ಎಂಬಲ್ಲಿ ಜನ ಬೀಡುಬಿಟ್ಟು ರಸ್ತೆ ಕಾಮಗಾರಿ ತಡೆದರು. ಸಾಮಿ ಯುವಕರು ಓಸ್ಲೋದ ಸಂಸತ್ತಿನ ಎದುರು ಗುಡಾರ ಹಾಕಿ ಉಪವಾಸ ಕುಳಿತರು. 1981ರ ಜನವರಿಯ ಕೊರೆಯುವ ಚಳಿಯಲ್ಲಿ, ಸರಪಳಿಯಿಂದ ತಮ್ಮನ್ನು ತಾವೇ ಬಿಗಿದುಕೊಂಡಿದ್ದವರನ್ನು ಸುಮಾರು 600 ಪೊಲೀಸರು ಬಿಡಿಸಿ ಹೊತ್ತೊಯ್ದರು. ಮರುವರ್ಷ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಪರವೇ ನಿಂತಿತು. 1987ರಲ್ಲಿ ಅಣೆಕಟ್ಟು ಎದ್ದಿತು.

"ಹಾಗಾದರೆ ಸೋತಿರಾ?" ಎಂದೆ.

ಆಕೆ ತಡೆದು ಉತ್ತರಿಸಿದರು. ಮಾನವ ಹಕ್ಕುಗಳ ಬಗ್ಗೆ ಲೋಕಕ್ಕೆಲ್ಲ ಹೇಳುತ್ತಿದ್ದ ದೇಶ ತನ್ನದೇ ಜನರನ್ನು ಹೊತ್ತೊಯ್ಯುವ ಚಿತ್ರಗಳು ಊರೂರಿಗೆ ಹೋದವು. ಸಾಮಿಗಳೂ ಒಬ್ಬಂಟಿಯಾಗಿರಲಿಲ್ಲ. 1975ರಲ್ಲೇ ಕೆನಡಾದ ಪೋರ್ಟ್ ಆಲ್ಬರ್ನಿಯಲ್ಲಿ ಹಲವು ದೇಶಗಳ ಮೂಲನಿವಾಸಿಗಳೊಂದಿಗೆ ಸೇರಿ ವಿಶ್ವ ಮಂಡಳಿ ಕಟ್ಟಿದ್ದರು. ನಾಚಿದ ಸರ್ಕಾರ 1988ರಲ್ಲಿ ಸಂವಿಧಾನದಲ್ಲಿ ಸಾಮಿಗಳ ಹೊಣೆ ಹೊತ್ತಿತು. 1989ರಲ್ಲಿ ಸಾಮಿ ಸಂಸತ್ತು ಶುರುವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮೂಲನಿವಾಸಿಗಳ 169ನೇ ಒಡಂಬಡಿಕೆಯನ್ನು ಅಂಗೀಕರಿಸಿತು. 1990ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ್ದು ನಾರ್ವೆ. ಕಾನೂನು ಮಾಡುವ ಮೊದಲು ಅದು ತಟ್ಟುವ ಜನರನ್ನು ಕೇಳಬೇಕು ಎಂಬುದು ಅದರ ಜೀವಾಳ.

"ನದಿ ಹೋಯಿತು, ಕೇಳಬೇಕೆಂಬ ಕಾನೂನು ಬಂತು. ಆದರೂ ಕೇಳುವುದಿಲ್ಲ," ಎಂದರು. ನಾರ್ವೆಯ ನಡುಭಾಗದ ಫೋಸೆನ್‌ನಲ್ಲಿ ಸಾಮಿಗಳ ಮೇವಿನ ನೆಲದಲ್ಲಿ 151 ಗಾಳಿಯಂತ್ರಗಳು ನಿಂತಿವೆ. ಅವುಗಳ ಪರವಾನಗಿ ವಿಶ್ವಸಂಸ್ಥೆಯ ನಾಗರಿಕ ಹಕ್ಕುಗಳ ಒಪ್ಪಂದದ 27ನೇ ವಿಧಿಯನ್ನು ಮುರಿಯುತ್ತದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತೀರ್ಪು ಬಂದು 500 ದಿನವಾದರೂ ಯಂತ್ರಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರುವರಿಯಲ್ಲಿ ಓಸ್ಲೋದ ಸಚಿವಾಲಯದ ಬಾಗಿಲಿಗೆ ಅಡ್ಡ ಕುಳಿತ ಹುಡುಗರಲ್ಲಿ ಆಕೆಯ ಮೊಮ್ಮಗಳೂ ಇದ್ದಳು. ಅಜ್ಜಿ ಹೊದ್ದ ಕಂಬಳಿಯನ್ನೇ ಹೊದ್ದು ಹೋಗಿದ್ದಳಂತೆ.

ನಡುವೆ ಒಂದು ಮಾತು. ಬರ್ಚ್ ಮರದ ಗಂಟಿನಿಂದ ಕೆತ್ತಿದ ಸಾಮಿ ಬಟ್ಟಲನ್ನು ಟ್ರೊಮ್ಸೊದ ಒಂದು ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಂಡಿದ್ದೆ. ಅಭಿಮಾನದಿಂದ ತೋರಿಸಿದೆ. ಆಕೆ ಬುಡ ತಿರುವಿ ನೋಡಿ, "ನಮ್ಮವರು ಮಾಡಿದ್ದಲ್ಲ," ಎಂದು ಮೆಲ್ಲಗೆ ಇಟ್ಟರು. ಆ ಬಟ್ಟಲು ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ. ಅಲ್ಲಿಗೆ ಹೋಗುವವರು ಸಾಮಿ ಕೈಕಸುಬಿನ 'ದುವೊಜಿ' ಗುರುತು ಇದೆಯೇ ಎಂದು ನೋಡಿಯೇ ಕೊಳ್ಳಿ. ಜನರ ನೆಲ ಕಸಿದ ಮೇಲೆ ಅವರ ಕೈಕೆಲಸದ ಹೆಸರನ್ನೂ ಕಸಿಯುವ ವ್ಯಾಪಾರಕ್ಕೆ ನಮ್ಮ ದುಡ್ಡು ಹೋಗಬಾರದು.

ಆಮೇಲೆ ಆಕೆ ನನ್ನನ್ನು ಕೇಳಿದರು: "ನಿಮ್ಮ ಕಾಡಿನವರಿಗೆ ಕಾಗದ ಇದೆಯೇ?"

ನನ್ನ ತವರು ಯಳಂದೂರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳು ನನ್ನ ಜೊತೆ ಓದಿದವರು. ಭಾರತ 1958ರಲ್ಲಿ ಅದೇ ಕಾರ್ಮಿಕ ಸಂಘಟನೆಯ ಹಳೆಯ 107ನೇ ಒಡಂಬಡಿಕೆಯನ್ನು ಅನುಮೋದಿಸಿತು, 169ನ್ನು ಇನ್ನೂ ಇಲ್ಲ. 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಮತ ಹಾಕಿದ 144 ದೇಶಗಳಲ್ಲಿ ನಾವೂ ಇದ್ದೆವು, ಆದರೆ ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರೆಲ್ಲ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ವಾದ. ಇದನ್ನು ಹೇಳುವಾಗ ನನಗೆ ನಾಚಿಕೆಯಾಯಿತು. ಆದರೂ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದರು, ದೇಶದಲ್ಲಿ ಅವರೇ ಮೊದಲಿಗರು ಎಂದೆ. ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು ಎಂದು ಅವರ ಜೇನುಗಳ ಹೆಸರು ಹೇಳಿದೆ. ತರಗೆಲೆಗೆ ಹದವಾಗಿ ಹಚ್ಚುತ್ತಿದ್ದ ತರಗು ಬೆಂಕಿಯನ್ನು ಇಲಾಖೆ ನಿಷೇಧಿಸಿದ್ದನ್ನೂ, ಆಮೇಲೆ ಲಂಟಾನ ಕಾಡನ್ನೆಲ್ಲ ಮುಚ್ಚಿತೆಂದು ಸೋಲಿಗರು ಹೇಳುವುದನ್ನೂ ವಿವರಿಸಿದೆ.

ಆಕೆ ಎದ್ದು ಪೆನ್ಸಿಲು ತಂದರು. 'ಗುವೊಹ್ತುನ್' ಎಂಬ ಸಾಮಿ ಪದವನ್ನು ನನ್ನ ಪುಸ್ತಕದಲ್ಲಿ ಬರೆದರು. ಹಿಮದ ಕೆಳಗಿನ ಕಲ್ಲುಹೂವನ್ನು ಗೊರಸಿನಿಂದ ಕೆರೆದು ತಿನ್ನಲು ಹಿಮಸಾರಂಗಕ್ಕೆ ಆಗುತ್ತದೆಯೇ ಎಂಬುದೆಲ್ಲ ಆ ಒಂದು ಪದದಲ್ಲಿದೆಯಂತೆ. ಆಕೆ ಹೋಗಿದ್ದ ವಸತಿ ಶಾಲೆಯಲ್ಲಿ ಈ ಪದ ಬಾಯಿಗೆ ಬಂದರೆ ಶಿಕ್ಷೆಯಾಗುತ್ತಿತ್ತು.

ಮರುದಿನ ಸಾಮಿ ಸಂಸತ್ತು ಇರುವ ಕಾರಶೋಕ್‌ಗೆ ಹೋದೆವು. ಗುಡಾರದ ಆಕಾರದ ಮರದ ಸಭಾಂಗಣ, 39 ಆಸನಗಳು. ಕಟ್ಟಡ ಚೆನ್ನಾಗಿದೆ. ನನ್ನ ಮನಸ್ಸು ಮಾಸಿಯ ಅಡುಗೆಮನೆಯಲ್ಲೇ ಇತ್ತು.

ಅಲ್ಲಿಂದ ಹೊರಡುವ ಮುನ್ನ ಆಕೆ ಗೋಡೆಯ ಕ್ಯಾಲೆಂಡರನ್ನು ಇಳಿಸಿ ನನ್ನ ಮುಂದೆ ಇಟ್ಟಿದ್ದರು. ಜೂನ್ ತಿಂಗಳ ಖಾಲಿ ಅಂಚಿನಲ್ಲಿ 'ತರಗು ಬೆಂಕಿ' ಎಂದು ಕನ್ನಡದಲ್ಲಿ ಬರೆದೆ. ಅಕ್ಷರಗಳ ಮೇಲೆ ಬೆರಳಾಡಿಸಿ, ಇದರಲ್ಲಿ ಬೆಂಕಿ ಯಾವುದು ಎಂದು ಕೇಳಿದರು. ತೋರಿಸಿದೆ.